ಹೆಣದ ದಿನ್ನೆಗೊಂದು ಎತ್ವ

ಜನವರಿ ೧೨, ಸೋಮವಾರ

ಇವತ್ತೂ ಹಳ್ಳಗಳೇ. ಒಂದೇ ಹಳ್ಳಕ್ಕೆ ಕಂದಾಯದವರ ನಕ್ಷೆಯಲ್ಲಿ ಒಂದು ಹೆಸರು, ಅರಣ್ಯದವರ ನಕ್ಷೆಯಲ್ಲಿ ಇನ್ನೊಂದು, ನೀರಾವರಿಯವರಿಗೆ ಬರೀ ನಂಬರು. ಮೂರನ್ನೂ ಎದುರಿಗಿಟ್ಟುಕೊಂಡು ಒಂದನ್ನು ಗೊತ್ತು ಮಾಡೋದು ನನ್ನ ಕೆಲಸ. ಆಮೇಲೆ ನಕ್ಷೆ, ಬಸ್ಸಿನ ಬೋರ್ಡು, ಗುರುತಿನ ಚೀಟಿ, ಎಲ್ಲಕ್ಕೂ ಅದೇ. ಹಳ್ಳಕ್ಕೇನು, ಹೇಗೆ ಕರೆದರೂ ಹರಿಯುತ್ತೆ.

ತಿಂಡಿ ಹೊತ್ತಿಗೇ ಅತ್ತೆ ಶುರು: "ಊರೂರಿಗೆ ಹೆಸರಿಟ್ಟು ಬರ್ತೀಯ, ಮನೆ ಬೆಕ್ಕಿಗೆ ಇನ್ನೂ ಹೆಸರಿಲ್ಲ."

ಹೆಸರಿಟ್ಟರೆ ಕರೆದಾಗ ಬರುತ್ತಾ ಅಂದೆ.

"ನಿನ್ನ ಗಂಡನಿಗಿದೆಯಲ್ಲ, ಬರ್ತಾನಾ?"

ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

ಮಧ್ಯಾಹ್ನ ಒಬ್ಬಳು ನರ್ಸ್ ಬಂದಿದ್ದಳು. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ. ಊರಿನ ಹೆಸರು ಸರಿ ಮಾಡಿಕೊಡಿ ಅಂತ ಅರ್ಜಿ. "ಯಾವ ಊರಮ್ಮ?" ಅಂದೆ. ಸುತ್ತ ನೋಡಿದಳು. ಅರ್ಜಿಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. ಬಾಯಿಬಿಟ್ಟು ಹೇಳಲಿಲ್ಲ.

ಹೆಣದ ದಿನ್ನೆ.

ಜನವರಿ ೧೩, ಮಂಗಳವಾರ

ಆ ನರ್ಸ್ ಹುಡುಗಿ ಹೇಳಿದ್ದು ತಲೆಯಿಂದ ಹೋಗ್ತಿಲ್ಲ. ಬರೆದುಬಿಡೋದು ವಾಸಿ.

ಕೆಳಗೆ ಪೇಟೆ, ಮೇಲೆ ಇವರ ಊರು, ನಡುವೆ ಒಂದು ಸೇತುವೆ. ಯಾರು ಕೇಳಿದರೂ ಪೇಟೆಯವರು ಅಂತಲೇ ಹೇಳಿಕೊಳ್ಳೋದು. ಶಾಲೆ, ಬ್ಯಾಂಕು, ಆಸ್ಪತ್ರೆ... ಎಲ್ಲ ಕಡೆ ಪೇಟೆಯಲ್ಲಿರೋ ಚಿಕ್ಕಪ್ಪನದೋ ಪರಿಚಯದ ಅಂಗಡಿಯದೋ ವಿಳಾಸ. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಮೇಲಿರೋದು ಬೆರಳೆಣಿಕೆಯ ಜನ. ಜನವೇ ಇಲ್ಲದ ಊರಿಗೆ ಆಸ್ಪತ್ರೆ ಯಾಕೆ?

"ಹೋದ ವರ್ಷ ನಮ್ಮತ್ತಿಗೆಗೆ ನೋವು ಶುರುವಾಯ್ತು ಮೇಡಂ. ಆಂಬುಲೆನ್ಸ್‌ನೋರು ಕಾರ್ಡಲ್ಲಿದ್ದ ವಿಳಾಸ ಹಿಡ್ಕೊಂಡು ಪೇಟೆಯೆಲ್ಲ ಸುತ್ತಿದ್ರು. ನಾನು ಆಸ್ಪತ್ರೇಲಿ ಯಾರದೋ ಹೆರಿಗೆ ಮಾಡಿಸ್ತಾ ಇದ್ದೆ."

ಅತ್ತಿಗೆ ಉಳಿದಳಂತೆ. ಮಗು ಇಲ್ಲ.

ಹೊಸ ಆಸ್ಪತ್ರೆ ಎಲ್ಲೆಲ್ಲಿ ಅನ್ನೋದು ಮಾರ್ಚ್ ಕೊನೆಗೆ ತೀರ್ಮಾನ. ಅಷ್ಟರೊಳಗೆ ಜನ ತಮ್ಮ ತಮ್ಮ ವಿಳಾಸ ಮೇಲಕ್ಕೆ ಬರೆಸಬೇಕು. ಹೆಣದ ದಿನ್ನೆ ಅಂತ ಬರೆಸೋಕೆ ಯಾರೂ ತಯಾರಿಲ್ಲ.

ಅವಳ ಪ್ರಕಾರ ಅದು ಹೆಣದ ದಿನ್ನೆಯೇ ಅಲ್ಲ, ಹೆಣೆದ ದಿನ್ನೆ. "ಮನೆಮನೇಲೂ ಚಾಪೆ ಹೆಣೀತೀವಿ ಮೇಡಂ. ಯಾವ ಕಾಲದಲ್ಲೋ ಯಾವನೋ ಗುಮಾಸ್ತ ಒಂದು ಎತ್ವ ನುಂಗಿದ, ಅಷ್ಟೆ."

ಎತ್ವ ನುಂಗುವ ಗುಮಾಸ್ತರು ನಮ್ಮಲ್ಲಿ ಈಗಲೂ ಬೇಕಾದಷ್ಟಿದ್ದಾರೆ. ನಂಬಿದೆ.

ಜನವರಿ ೧೫, ಗುರುವಾರ

ಸಾಹೇಬರಿಗೆ ಖುಷಿಯೋ ಖುಷಿ. "ಕಾಗುಣಿತ ತಪ್ಪು ಅಂದ್ರೆ ನಾನೇ ಸೈನ್ ಹಾಕ್ತೀನಿ, ಒಂದು ದಿನದ ಕೆಲಸ. ಹೆಸರು ಬದಲಾವಣೆ ಅಂದ್ರೆ ಸಮಿತಿಗೆ ಹೋಗ್ಬೇಕು. ಸಮಿತಿ ಯಾವಾಗ ಸೇರುತ್ತೆ ಅಂತ ಸಮಿತಿಗೇ ಗೊತ್ತಿಲ್ಲ. ಊರಿಗೆ ಹೋಗಿ ನಾಲ್ಕು ಜನರನ್ನ ಕೇಳ್ಕೊಂಡು ಬನ್ನಿ. ಹೆಣೆದ ಅಂದ್ರೆ ಮುಗೀತು."

ಜನವರಿ ೨೧, ಬುಧವಾರ

ಹೋಗಿ ಬಂದೆ. ಕಾಲು ನೋವು. ಬಸ್ಸು ಸೇತುವೆವರೆಗೆ ಮಾತ್ರ. ಆಮೇಲೆ ಏರು.

ನಮ್ಮ ನಿಯಮ: ಹೆಸರು ನಾವಾಗಿ ಎತ್ತಬಾರದು. 'ಇದು ಇಂಥ ಊರಾ?' ಅಂದರೆ ಪಾಪ, ಹೂಂ ಅಂದುಬಿಡ್ತಾರೆ. 'ಈ ಊರಿಗೆ ಏನಂತೀರಿ?' ಅಂತ ಕೇಳಬೇಕು. ಕೇಳಿದೆ.

"ಊರು ಅಂತೀವಿ."

"ಹೆಸರು?"

"ನಮ್ಮೂರಿಗೆ ನಾವ್ಯಾಕೆ ಹೆಸರು ಹೇಳ್ಬೇಕು? ಇಲ್ಲೇ ಇದೀವಲ್ಲ."

ಇನ್ನೊಬ್ಬರು ಪೇಟೆಯ ಹೆಸರು ಹೇಳಿ ಬಾಗಿಲು ಹಾಕಿಕೊಂಡರು. ಉಳಿದ ಕಡೆಯೆಲ್ಲ ಒಂದೇ ಉತ್ತರ: ಹೆಣೆದ ದಿನ್ನೆ. 'ಣೆ' ಮೇಲೆ ಒತ್ತು ಕೊಟ್ಟು, ಬಾಯಿಪಾಠ ಒಪ್ಪಿಸಿದ ಹಾಗೆ. ನರ್ಸ್ ಪಕ್ಕದಲ್ಲೇ ನಿಂತು ಮುಗುಳ್ನಗ್ತಿದ್ದಳು. ಪುಸ್ತಕದಲ್ಲಿ ಬರ್ಕೊಂಡೆ. ಮನಸ್ಸಿನಲ್ಲಿ ಏನೋ ಕಿರಿಕಿರಿ.

ಕೊನೆಗೆ ಅವಳದೇ ಮನೆ. ಜಗಲಿ ಮೇಲೆ ಅವಳ ಅಜ್ಜಿ ಚಾಪೆ ಹೆಣೀತಿದ್ದರು. ಕೈ ನಿಲ್ಲಿಸಲಿಲ್ಲ.

"ಈ ಊರಿಗೆ ಏನಂತೀರಿ ಅಜ್ಜಿ?"

"ಹೆಣದ ದಿನ್ನೆ."

"ಹೆಣೆದ ಅಂತ ಎಲ್ಲರೂ..."

"ಎಲ್ಲರಿಗೂ ಹೇಳ್ಕೊಟ್ಟಿದ್ದು ಇವಳು." ಗದ್ದದಲ್ಲೇ ಮೊಮ್ಮಗಳನ್ನು ತೋರಿಸಿದರು. ನರ್ಸ್ ಮುಖ ಕೆಂಪಗಾಯಿತು.

ಅಜ್ಜಿ ಹೇಳಿದ್ದು: "ನಮ್ಮತ್ತೆ ಕಾಲದಲ್ಲಿ ವಾಂತಿಭೇದಿ ಬಂತು. ಪೇಟೆಯವರು ಸೇತುವೆಗೆ ಮುಳ್ಳು ಹಾಕಿ ಕೂತ್ರು, ಯಾರನ್ನೂ ಇಳಿಯೋಕೆ ಬಿಡ್ಲಿಲ್ಲ. ಸತ್ತೋರನ್ನೆಲ್ಲ ಹಿಂದಿನ ದಿನ್ನೇಲಿ ಮಣ್ಣು ಮಾಡಿದ್ರು. ನಮ್ಮತ್ತೆದೇ ಎರಡು ಕೂಸು ಅಲ್ಲಿವೆ. ಹೆಸರಿಟ್ಟೋರು ಪೇಟೆಯವರು, ಹೂತೋರು ನಾವು. ಆಮೇಲೆ ದಾರಿ ಬಿಟ್ರಲ್ಲ, ಆಗ ಬೇರೆ ಕಡೆ ಹೋಗಬಹುದಿತ್ತು. ಇವರನ್ನೆಲ್ಲ ಬಿಟ್ಟು ಹೇಗೆ ಹೋಗೋದು ಅಂತ ಉಳ್ಕೊಂಡ್ರು. ಅವರು ಉಳ್ಕೊಂಡಿದ್ದಕ್ಕೇ ಈ ಊರು ಇರೋದು ತಾಯಿ."

"ಸತ್ತೋರಿಗೆ ಹೆಸರು ಬೇಕು, ಬದುಕಿರೋರಿಗೆ ಆಸ್ಪತ್ರೆ ಬೇಡ್ವಾ ಅಜ್ಜಿ?" ನರ್ಸ್ ಕೂಗೇಬಿಟ್ಟಳು.

"ಆಸ್ಪತ್ರೆ ಬೇಕು. ಸುಳ್ಳು ಬೇಡ. ಒಂದು ಎತ್ವ ಹಾಕಿ ಅವರನ್ನೆಲ್ಲ ಚಾಪೆ ಮಾಡಿಬಿಡ್ತೀಯಾ?"

ಒಳಗೆ ಬಾಗಿಲ ಹತ್ತಿರ ಅತ್ತಿಗೆ ನಿಂತಿದ್ದಳು. ಯಾರ ಪರವಾಗಿಯೂ ಮಾತಾಡಲಿಲ್ಲ.

ಬಸ್ಸಿನವರೆಗೂ ನರ್ಸ್ ಬಂದಳು. "ಅಜ್ಜಿ ಹೇಳಿದ್ದು ಬರೀಲೇಬೇಕಾ ಮೇಡಂ?" ಅಷ್ಟೇ ಕೇಳಿದಳು. ನೋಡೋಣ ಅಂದೆ. ನನಗೇ ಅಸಹ್ಯವಾಯ್ತು ಆ 'ನೋಡೋಣ'.

ಫೆಬ್ರವರಿ ೨, ಸೋಮವಾರ

ಇಷ್ಟು ದಿನ ಬರೆಯೋಕೆ ಕೂತಿರಲಿಲ್ಲ. ವರದಿಯೂ ಹಾಗೇ ಇದೆ. ಸಾಹೇಬರು ಎರಡು ಸಲ ಕೇಳಿದರು. ಬಿಸಿಲಲ್ಲಿ ಹೋಗಿ ಜ್ವರ ಬಂತು ಸಾರ್ ಅಂದೆ. ಜ್ವರ ಬಂದಿದ್ದು ಬೆಕ್ಕಿಗೆ.

ಹೆಣೆದ ಅಂತ ಬರೆದರೆ ಆಸ್ಪತ್ರೆ. ಅಜ್ಜಿಯ ಮಾತು ಬರೆದರೆ ಸಮಿತಿ, ಅಂದರೆ ಮಾರ್ಚ್ ಕೈತಪ್ಪಿದ ಹಾಗೇ. ಒಂದು ಅಕ್ಷರದ ತಲೆ ಮೇಲಿನ ಗೆರೆಗೆ ಇಷ್ಟು ತೂಕ ಇರುತ್ತೆ ಅಂತ ಕೆಲಸಕ್ಕೆ ಸೇರಿದಾಗ ಗೊತ್ತಿರಲಿಲ್ಲ.

ಸಂಜೆ ಸೊಪ್ಪು ಬಿಡಿಸ್ತಾ ಅತ್ತೆಗೆ ಎಲ್ಲ ಹೇಳಿದೆ. ತಮಾಷೆ ಮಾಡ್ತಾರೆ ಅಂದುಕೊಂಡೆ. ಮಾಡಲಿಲ್ಲ.

"ಆ ಯಮ್ಮ ಬೇಡ ಅಂದಿದ್ದು ಹೆಸರು ಬದಲಾಯಿಸೋದನ್ನೋ, ಸುಳ್ಳು ಹೇಳೋದನ್ನೋ?"

"ಎರಡೂ ಒಂದೇ ಅಲ್ವಾ ಅತ್ತೆ?"

"ಕೇಳಿದ್ಯಾ?"

ಕೇಳಿರಲಿಲ್ಲ.

ಫೆಬ್ರವರಿ ೩, ಮಂಗಳವಾರ

ಬೆಳಿಗ್ಗೆ ನಕ್ಷೆ ಹರಡಿಕೊಂಡು ಕೂತೆ. ದಿನ್ನೆ ಒಂದು ಕಡೆ, ಮನೆಗಳು ಇನ್ನೊಂದು ಕಡೆ. ನಡುವೆ ಸಣ್ಣ ಗದ್ದೆಬಯಲು. ನಕ್ಷೆಯಲ್ಲಿ ಎರಡಕ್ಕೂ ಸೇರಿಸಿ ಒಂದೇ ಹೆಸರು! ಗುಡ್ಡ, ಹಳ್ಳ, ದಿನ್ನೆಗಳಿಗೆ ನಮ್ಮಲ್ಲಿ ದಾಖಲೆಯೇ ಬೇರೆ, ಜನವಸತಿಗೆ ಬೇರೆ. ಇವೆರಡನ್ನು ಬೇರೆ ಮಾಡುವ ಬುದ್ಧಿ ಇಷ್ಟು ವರ್ಷ ಯಾರಿಗೂ ಬಂದಿಲ್ಲ. ನನಗೂ. ಇವತ್ತು ಬಂತು.

ದಿನ್ನೆಯ ಹೆಸರು ದಿನ್ನೆಗೇ ಇರಲಿ. ಊರಿಗೆ ಊರವರು ಹೇಳಿದ್ದು.

ಸಾಹೇಬರು ಕೇಳಿ ಹಣೆ ಚಚ್ಚಿಕೊಂಡರು. "ಒಂದು ಸೈನ್‌ನಲ್ಲಿ ಹೋಗೋದನ್ನ ಮೈಮೇಲೆ ಎಳ್ಕೊಂಡ್ರಲ್ಲ! ಮೊದಲು ಊರಿನ ಸಭೆ, ಆಮೇಲೆ ಸಮಿತಿ. ಆಗುತ್ತಾ ಮಾರ್ಚೊಳಗೆ?"

"ಆಗದಿದ್ರೆ ಬೈಯಿರಿ ಸಾರ್."

"ಬೈಯೋಕೆ ಮಾರ್ಚ್ ಯಾಕೆ ಕಾಯ್ಬೇಕು?" ಅಂದರು. ಆದರೆ ಸಭೆಯ ನೋಟಿಸಿಗೆ ಸೈನ್ ಹಾಕಿದರು.

ವರದಿ ಬರೆದೆ. ಅಜ್ಜಿಯ ಮಾತು ಅಜ್ಜಿಯ ಮಾತಿನಲ್ಲೇ. ನರ್ಸ್‌ಗೆ ಫೋನ್ ಮಾಡಿ ಹೇಳಿದೆ. "ಸಭೆ ಯಾವತ್ತು ಮೇಡಂ?" ಅಂದಳು.

ಫೆಬ್ರವರಿ ೧೫, ಭಾನುವಾರ

ಸಭೆ. ಊರಿನ ಶಾಲೆಯ ಅಂಗಳ. ನಾಲ್ಕು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಕೂರೋಕೆ ಚಾಪೆ ಸಾಲಲಿಲ್ಲ, ಅದೂ ಆ ಊರಲ್ಲಿ!

ದಿನ್ನೆಯ ಹೆಸರು ತೆಗೆಯೋಲ್ಲ ಅಂತ ಮೊದಲೇ ಹೇಳಿದೆ. ಅಜ್ಜಿ ಮುಂದಿನ ಸಾಲಲ್ಲಿ. "ನಕ್ಷೇಲಿ ಇರುತ್ತಾ?" ಅಂದರು. ಇರುತ್ತೆ ಅಂದೆ. "ಸರಿ, ಇನ್ನು ಊರಿಗೆ ನಿಮಗೇನು ಬೇಕೋ ಇಟ್ಕೊಳ್ಳಿ" ಅಂತ ಕಾಲು ಚಾಚಿದರು.

ಆಮೇಲೆ ಸಂತೆ. ಒಬ್ಬರು ಹೊಸೂರು ಅಂದರು. ಆ ಹೆಸರಿನವು ಆಗಲೇ ಒಂದು ರಾಶಿ ಇವೆ, ಮತ್ತೆ ಆಂಬುಲೆನ್ಸ್ ಇನ್ನೆಲ್ಲಿಗೋ ಹೋಗುತ್ತೆ ಅಂದೆ. ಇನ್ನೊಬ್ಬರಿಗೆ ಅಧಿಕಾರದಲ್ಲಿರೋ ಯಾರದೋ ಹೆಸರಿಡಬೇಕಂತೆ. ಬದುಕಿರೋರ ಹೆಸರಿಗೆ ನಿಯಮ ಒಪ್ಪಲ್ಲ. "ಹಾಗಾದ್ರೆ ಕಾಯೋಣ್ವಾ?" ಅಂತ ಹಿಂದಿನಿಂದ ಯಾರೋ. ನಗು.

ಸ್ವರ್ಗಪುರ ಅಂದ ಒಬ್ಬ ಯುವಕ. ಚಪ್ಪಾಳೆಯೂ ಬಿತ್ತು.

ಅಜ್ಜಿ ಕಣ್ಣು ಬಿಡದೆಯೇ ಅಂದರು: "ಸ್ವರ್ಗಕ್ಕೆ ಹೋಗೋಕೂ ಸಾಯಲೇಬೇಕಲ್ಲೋ. ಸುತ್ತಿ ಬಳಸಿ ಮತ್ತೆ ಹೆಣಕ್ಕೇ ಬಂದ್ಯಲ್ಲ."

ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು.

ನಗು ತಣ್ಣಗಾದಾಗ ನರ್ಸ್ ಎದ್ದಳು. ಸಭೆ ಕಡೆ ನೋಡಲಿಲ್ಲ, ಅಜ್ಜಿ ಕಡೆಗೇ ನೋಡ್ತಾ ಮೆಲ್ಲಗೆ ಅಂದಳು: "ಚಾಪೆದಿನ್ನೆ ಅಂದ್ರೆ ಹೇಗೆ? ಚಾಪೆ ಹೆಣೀತೀವಿ ಅನ್ನೋದಂತೂ ಸುಳ್ಳಲ್ಲ."

ಅಜ್ಜಿ ಚಾಚಿದ ಕಾಲು ಮಡಚಿಕೊಂಡರು.

"ಸುಳ್ಳಲ್ಲ" ಅಂದರು. ಕೈ ನೀಡಿದರು. ಮೊಮ್ಮಗಳು ಹಿಡಿದೆಬ್ಬಿಸಿದಳು.

ಆ ಹೆಸರಿನ ಊರು ನಮ್ಮ ದಾಖಲೆಯಲ್ಲಿ ಎಲ್ಲೂ ಇಲ್ಲ. ಅಲ್ಲೇ ಕೂತು ಹುಡುಕಿದೆ.

ಫೆಬ್ರವರಿ ೨೪, ಮಂಗಳವಾರ

ಸಮಿತಿಯ ಅಧ್ಯಕ್ಷರ ಮನೆಗೆ ಸಾಹೇಬರೇ ಕರ್ಕೊಂಡು ಹೋದರು! ದಾರಿಯುದ್ದಕ್ಕೂ ಬೈಗುಳ. ಬಾಗಿಲಲ್ಲಿ ನಿಂತಾಗ ಮಾತ್ರ ಟೈ ಸರಿ ಮಾಡ್ಕೊಂಡು, "ಸಾರ್, ಇದು ಅರ್ಜೆಂಟು" ಅಂತ ಮೊದಲು ಬಾಯಿಬಿಟ್ಟಿದ್ದು ಅವರೇ.

ಅಧ್ಯಕ್ಷರು ಹೂಕುಂಡಕ್ಕೆ ನೀರು ಹಾಕ್ತಿದ್ದರು. ನಿಂತೇ ಫೈಲು ಓದಿದರು, ಪೂರ್ತಿ. ಸದಸ್ಯರನ್ನು ಸೇರಿಸೋಕೆ ತಡವಾಗುತ್ತೆ, ಫೈಲನ್ನೇ ಮನೆಮನೆಗೆ ಕಳಿಸಿ ಒಪ್ಪಿಗೆ ತಗೊಳ್ಳೋಣ ಅಂದರು. ಆಮೇಲೆ ಒಂದು ಅನುಮಾನ: "ಹೊಸ ನಕ್ಷೇಲಿ ಇಂಥ ಕೆಟ್ಟ ಹೆಸರು ಉಳಿಸೋದು ಬೇಕಾ? ದಿನ್ನೆಗೂ ಬೇರೆ ಏನಾದ್ರೂ..."

"ಬೇಕು ಸಾರ್. ಅಲ್ಲಿ ಅವರ ಮಕ್ಕಳಿದ್ದಾರೆ" ಅಂದೆ. ಬೇರೇನೂ ಹೊಳೀಲಿಲ್ಲ.

ತಲೆ ಆಡಿಸಿದರು. ಹೂಂ ಅಂತಲೋ ಊಹೂಂ ಅಂತಲೋ ತಿಳೀಲಿಲ್ಲ. ಮತ್ತೆ ನೀರಿನ ಪೈಪು ಕೈಗೆತ್ತಿಕೊಂಡರು.

ಮಾರ್ಚ್ ೧೭, ಮಂಗಳವಾರ

ಆಯ್ತು!!

ಆದೇಶ ಬಂತು. ಜನವಸತಿ: ಚಾಪೆದಿನ್ನೆ. ಭೂರೂಪ: ಹೆಣದ ದಿನ್ನೆ. ಎರಡು ಸಾಲು. ಎರಡೂ ಕಾಗುಣಿತ ಸರಿ ಇದೆ, ಅದೇ ದೊಡ್ಡ ಪವಾಡ.

ನರ್ಸ್‌ಗೆ ಫೋನ್. ವಾರ್ಡಿನಲ್ಲಿದ್ದಳು. "ಒಂದ್ನಿಮಿಷ ಮೇಡಂ" ಅಂದು ಹೋದವಳು ಬರಲೇ ಇಲ್ಲ. ಕಾರಿಡಾರಿನಲ್ಲಿ ಯಾರೋ ಅಳೋದು ಕೇಳಿಸ್ತಿತ್ತು. ಅವಳೇ ಇರಬೇಕು.

ಮನೆಗೆ ಸ್ವೀಟು ತಂದೆ. ಅತ್ತೆ, "ಸಲಹೆ ಕೊಟ್ಟೋರಿಗೆ ಎರಡು" ಅಂದರು. ಇವರು ಪೇಪರು ಕೆಳಗಿಟ್ಟು, "ಯಾವ ಊರದು?" ಅಂದರು. ಎರಡು ತಿಂಗಳಿಂದ ಇದೇ ಪುರಾಣ ನಡೀತಿದೆ ಈ ಮನೆಯಲ್ಲಿ!

ಮಾರ್ಚ್ ೨೯, ಭಾನುವಾರ. ಸಂಜೆ, ಸೇತುವೆ ಹತ್ತಿರ, ಬಸ್ಸಿಗೆ ಕಾಯ್ತಾ

ಇವತ್ತು ಮೇಲೆ ವಿಳಾಸ ಬರೆಸೋ ಕ್ಯಾಂಪು. ನಾಡಿದ್ದು ಕೊನೆ ದಿನ. ನನಗೇನೂ ಕೆಲಸವಿರಲಿಲ್ಲ, ಆದರೂ ಬಂದೆ. ಶಾಲೆಯಿಂದ ರಸ್ತೆವರೆಗೆ ಸಾಲು. ಆಸ್ಪತ್ರೆ ಸಿಗುತ್ತೋ ಇಲ್ವೋ ಗೊತ್ತಿಲ್ಲ. ಆದರೆ ಇನ್ನು ಮೇಲೆ ಇಲ್ಲಿ ಜನ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ಟೇಬಲ್ಲಿನ ಗುಮಾಸ್ತ ಒಬ್ಬೊಬ್ಬರನ್ನೇ ಕೇಳ್ತಿದ್ದ, "ಊರು?" ಕೆಲವರಿಗೆ ಬಾಯಿ ತಪ್ಪಿ ಪೇಟೆ ಅಂತಲೇ ಬರ್ತಿತ್ತು. ಹಿಂದಿನವರು ಬೆನ್ನಿಗೆ ತಿವೀತಿದ್ದರು. ಅತ್ತಿಗೆಯ ಸರದಿ ಬಂದಾಗ ನರ್ಸ್ ಅವಳ ಪಕ್ಕ ಹೋಗಿ ನಿಂತಳು. "ಚಾಪೆದಿನ್ನೆ." ಅತ್ತಿಗೆಯ ದನಿ ಕೇಳಿದ್ದು ನಾನು ಅದೇ ಮೊದಲು. ಗಟ್ಟಿಯಾಗೇ ಹೇಳಿದಳು.

ಆಮೇಲೆ ಅಜ್ಜಿ.

"ಊರು?"

"ಎರಡು ಬರ್ಕೊಳಪ್ಪ. ಇರೋದು ಚಾಪೆದಿನ್ನೆ. ಹೋಗೋದು ಹೆಣದ ದಿನ್ನೆ."

ಗುಮಾಸ್ತ ಪೆನ್ನು ಹಿಡಿದವನು ಹಾಗೇ ಕೂತ.

"ಎರಡನೇದು ಈಗಲೇ ಬೇಡ, ಜಾಗ ಬಿಟ್ಟಿರು. ಮೊದಲು ಆಸ್ಪತ್ರೆ ಬರ್ಲಿ, ನೋಡಿ ಹೋಗ್ತೀನಿ."

ನರ್ಸ್ ನಗ್ತಾ ನಗ್ತಾ ಅಜ್ಜಿ ಹೆಗಲಿಗೆ ಮುಖ ಒತ್ತಿಕೊಂಡಳು. ಬಹಳ ಹೊತ್ತು ಎತ್ತಲಿಲ್ಲ. ಅಜ್ಜಿ ನನ್ನ ಕಡೆ ಕಣ್ಣು ಹಾಯಿಸಿ...

ಬಸ್ಸು ಬಂತು. ಅಕ್ಷರ ಕುಣೀತಿದೆ. ಕಂಡಕ್ಟರ್ ತಲೆ ಮೇಲೇ ನಿಂತು, ಎಲ್ಲಿಂದ ಹತ್ತಿದ್ರಿ ಅಂತ ಕೇಳ್ತಿದ್ದಾನೆ. ಹೇಳ್ಬೇಕು, ಗಟ್ಟಿಯಾಗಿ —