ಅವ್ವನ ಕೈಯ ಹಸಿರು ಪಟ್ಟಿ

ಖಾನಾಪುರ
ರವಿವಾರ, 4 ಮೇ 2025, ಮಧ್ಯಾಹ್ನ

ಅವ್ವಾ,

ಶರಣು. ಕಾಗದ ಕಂಡು ನಗಬೇಡ. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀನು “ಆರಾಮ ಅದೀನಿ, ನೀ ಮೊದಲ ಆ ಮಂದೀನ ನೋಡ” ಎಂದು ಇಟ್ಟುಬಿಟ್ಟೆ. ಈಗ ಫೋನನ್ನೇ ಬಂದ್ ಮಾಡಿದ್ದೀ. ಬೆಳಗಾವಿಯಿಂದಲೇ ಒಂದು ಅಂಬ್ಯುಲೆನ್ಸ್ ಕಳಿಸಿದರೆ “ಖರೇ ಬ್ಯಾನಿ ಇದ್ದವ್ರ ಮನಿಗೆ ಹೋಗ್ರಿ” ಎಂದು ಬಾಗಿಲಿನಿಂದಲೇ ಅಟ್ಟಿದೆಯಂತೆ. ಜೀವನವೆಲ್ಲ ಶಾಲೆಯಲ್ಲಿ ಕಲಿಸಿದವಳು ನೀನು. ಬಾಯಿಮಾತನ್ನು ಅರ್ಧಕ್ಕೇ ಕತ್ತರಿಸುತ್ತೀ, ಬರೆದದ್ದನ್ನು ಮಾತ್ರ ಕೊನೆಯವರೆಗೆ ಓದದೆ ಬಿಡುವುದಿಲ್ಲ. ಅದನ್ನೇ ನಂಬಿ ಬರೆಯುತ್ತಿದ್ದೇನೆ. ನಮ್ಮ ಆಸ್ಪತ್ರೆಯ ಗಾಡಿ ಓಡಿಸುವ ಗುರುಪುತ್ರಪ್ಪ ಕಾಕಾ ಇದನ್ನು ಬೆಳಗಾವಿಗೆ, ಟಿಳಕವಾಡಿಯ ಮನೆಗೇ ತರುತ್ತಾರೆ. ಓದಿದ ಕೂಡಲೇ ಅವರ ಜೊತೆ ಹೊರಡು.

ನನಗೆ ಹೆದರಿಕೆಯಾಗಿದೆ ಅವ್ವಾ. ಅವಸರಕ್ಕೆ ಅಕ್ಷರಗಳು ಸೊಟ್ಟಗಾಗಿವೆ. ತಿದ್ದುತ್ತಾ ಕೂರಬೇಡ.

ಮದುವೆಯ ಬಸ್ಸು ಉರುಳಿತೆಂದು ಬೆಳಿಗ್ಗೆ ಸುದ್ದಿ ಬಂದಾಗ ನೀನೂ ಅದರಲ್ಲಿರುವೆ ಎಂದು ಹೊಳೆಯಲೇ ಇಲ್ಲ. ಜೊತೆಯ ಡಾಕ್ಟರು ರಜೆಯಲ್ಲಿದ್ದರು. ಸಿಕ್ಕ ಸಿಕ್ಕ ಟೆಂಪೊದಲ್ಲಿ ಗಾಯಾಳುಗಳನ್ನು ತಂದು ವರಾಂಡದ ತುಂಬ ಮಲಗಿಸಿದರು. ಹಳೆಯ ಸೀರೆ ಹರಿದು, ಅಂಚು ಮಡಚಿ ನೀನೇ ಹೊಲಿದುಕೊಟ್ಟಿದ್ದೆಯಲ್ಲ, ಆ ಪಟ್ಟಿಗಳನ್ನು ತೆಗೆದೆ. ಉಸಿರಿಗೆ ಒದ್ದಾಡುವವರಿಗೆ, ರಕ್ತ ನಿಲ್ಲದವರಿಗೆ ಕೆಂಪು. ಸ್ವಲ್ಪ ತಡೆದುಕೊಳ್ಳಬಲ್ಲವರಿಗೆ ಹಳದಿ. ಎದ್ದು ನಡೆದು ಮಾತಾಡುವವರಿಗೆ ಹಸಿರು. ಯಾರನ್ನು ಮೊದಲು ನೋಡಬೇಕೆಂಬುದು ಆ ಬಣ್ಣದ ಮೇಲೆ. ಚೀರುವವರ ಕಡೆಗೇ ಓಡಬಾರದು ಎಂದು ನಮಗೆ ಕಲಿಸಿದ್ದಾರೆ. ಆದರೆ ನಮ್ಮ ಮಂದಿಯನ್ನು ಹೇಗೆ ಕೇಳಬೇಕೆಂದು ಯಾರೂ ಕಲಿಸಲಿಲ್ಲ. “ಹೆಂಗದೀರಿ?” ಅಂದರೆ ಸಾಕು, ಮೈಯೆಲ್ಲ ಮುರಿದಿದ್ದರೂ “ಆರಾಮ ಅದೀನ್ರಿ” ಎಂಬುದು ಬಾಯಿಗೆ ಬಂದುಬಿಡುತ್ತದೆ.

ಮದುಮಗಳ ಸೋದರತ್ತೆ ಮಾಯಕ್ಕ ಬೆಂಚಿನ ಮೇಲೆ ಸೆರಗು ಸರಿಮಾಡಿಕೊಂಡು ಕೂತಿದ್ದರು. ನಾಡಿ ಹಿಡಿದು ಕೇಳಿದೆ. “ಆರಾಮ ಅದೀನ್ರೀ ಡಾಕ್ಟರ್ ಬಾಯಾರ, ಆ ಹುಡುಗೀನ ನೋಡ್ರಿ ಮೊದಲ” ಅಂದರು. ಹಸಿರು ಕಟ್ಟಿ ಮುಂದೆ ಹೋದೆ. ಬಿಸಿಲೇರುವ ಹೊತ್ತಿಗೆ ಅವರು ಊಟ ಒಲ್ಲೆನೆಂದು ನೀರು, ನೀರು ಅನ್ನತೊಡಗಿದರು. ನರ್ಸ್ ಶೈಸ್ತಾ ಕೂಗಿ ಕರೆದಳು. ಹೊಟ್ಟೆ ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ. ಮುಂದಿನ ಸೀಟಿನ ಕಂಬಿ ಬಡಿದು ಒಳಗೊಳಗೇ ರಕ್ತ ಸೋರುತ್ತಿತ್ತು. ಕೂಡಲೇ ಬೆಳಗಾವಿಗೆ ಕಳಿಸಿದೆ. ಆಪರೇಷನ್ ಆಗಿದೆ, ಉಳಿಯುತ್ತಾರೆ ಅಂತಿದ್ದಾರೆ.

ಆಮೇಲೆ ನಿನ್ನ ಓಣಿಯ ಪದ್ಮವ್ವನಿಗೆ ಫೋನ್ ಮಾಡಿದೆ. ಬೆಳಿಗ್ಗೆ ಇಲ್ಲಿಂದ ತಮ್ಮ ಮಗನ ಕಾರಿನಲ್ಲಿ ನಿನ್ನನ್ನು ಮನೆ ಮುಟ್ಟಿಸಿದವರು ಅವರೇ ಅಲ್ಲವೆ? ಬಸ್ಸಿನಲ್ಲಿ ನೀನು ಮಾಯಕ್ಕನ ಪಕ್ಕದಲ್ಲೇ, ಅದೇ ಸೀಟಿನಲ್ಲಿ ಕೂತಿದ್ದೆಯಂತೆ. ಬಂದವಳೇ ಊಟ ಬೇಡವೆಂದು ಮಲಗಿದೆಯಂತೆ. ಚರಿಗೆ ಚರಿಗೆ ನೀರು ಕುಡಿಯುತ್ತಿದ್ದೀಯಂತೆ. ದವಾಖಾನೆಗೆ ಹೋಗೂಣು ಅಂದದ್ದಕ್ಕೆ ಅವರನ್ನೂ ಬೈದು ಕಳಿಸಿದೆಯಂತೆ. ಅದನ್ನು ಕೇಳಿದ ಮೇಲೆಯೇ ನಿನಗೆ ಎರಡೆರಡು ಸಲ ಫೋನ್ ಮಾಡಿದ್ದು.

ನಿನ್ನ ಕೈಗೂ ಹಸಿರು ಕಟ್ಟಿದವಳು ನಾನೇ. ಆ ಮಂದಿಯ ನಡುವೆ ನಿನ್ನ ಮುಖ ಕಂಡು ಹತ್ತಿರ ಬಂದೆ. “ಆರಾಮ ಅದೀನಿ, ಮುಂದ ನಡಿ” ಅಂದೆ ನೀನು. ಖರೇ ಹೇಳಲೇ? ನನಗೂ ಆ ಮಾತೇ ಬೇಕಾಗಿತ್ತು. ಸುತ್ತಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಡಾಕ್ಟರ್ ತನ್ನ ಅವ್ವನನ್ನೇ ಮೊದಲು ನೋಡಿಕೊಂಡಳು ಅಂದಾರೆಂದು ಅಂಜಿದೆ. ಮಾಯಕ್ಕನ ನಾಡಿಯನ್ನಾದರೂ ಹಿಡಿದಿದ್ದೆ, ನಿನ್ನದನ್ನು ಅದೂ ಇಲ್ಲ.

ಹಸಿರು ಕಟ್ಟಿದವರನ್ನೆಲ್ಲ ಮತ್ತೆ ಮಲಗಿಸಿ, ಹೊಟ್ಟೆ ಒತ್ತಿ ನೋಡಿದ್ದೇನೆ. ನೋಡದೆ ಉಳಿದವಳು ನೀನೊಬ್ಬಳೇ. ಇಲ್ಲಿರುವ ಕೆಂಪು ಪಟ್ಟಿಯವರನ್ನು ಬಿಟ್ಟು ನಾನು ಬರಲಾರೆ. ಬಂದರೆ ನೀನೇ ಬೈಯುತ್ತೀ.

ಇನ್ನು ನೀರು ಕುಡಿಯಬೇಡ. ಎದ್ದು ನಡೆಯಬೇಡ, ಕಾಕಾ ಸ್ಟ್ರೆಚರ್ ತರುತ್ತಾರೆ. ಓಣಿಯ ಮಂದಿ ನೋಡಿದರೆ ನೋಡಲಿ. ದೊಡ್ಡಾಸ್ಪತ್ರೆಯಲ್ಲಿ ಮಾತಾಡಿದ್ದೇನೆ, ನಿನ್ನ ದಾರಿ ಕಾಯುತ್ತಿದ್ದಾರೆ. ನನ್ನ ಮೇಲೆ ಸಿಟ್ಟಿದ್ದರೆ ಆಮೇಲೆ ತೀರಿಸಿಕೋ, ಎಷ್ಟು ಬೇಕಾದರೂ ಬೈಸಿಕೊಳ್ಳುತ್ತೇನೆ. ಅದಕ್ಕಾದರೂ ನೀನು ಇರಬೇಕಲ್ಲವೆ?

ನಿನ್ನ ಮಗಳು
ನಿಖಿತಾ

ತಾ.ಕ.: ಮಾಯಕ್ಕನಿಗೆ ಆಪರೇಷನ್ ಆಗಲಿಲ್ಲ. ನೀನು ಗಾಬರಿಯಾಗಬಾರದೆಂದು ಮೇಲೆ ಸುಳ್ಳು ಬರೆದೆ. ಬೆಳಗಾವಿ ದಾರಿಯಲ್ಲಿ ಪೀರನವಾಡಿ ಮುಟ್ಟುವ ಮೊದಲೇ ಗಾಡಿಯಲ್ಲೇ ಹೋಗಿಬಿಟ್ಟರು. ಅದಕ್ಕೂ ತುಸು ಮುಂಚೆ ಕಾಕಾ ಹಿಂದೆ ತಿರುಗಿ ಕೇಳಿದಾಗ ಆರಾಮ ಅದೀನಿ ಅಂದರಂತೆ. ಈಗ ಗಾಬರಿಯಾಗು ಅವ್ವಾ. ಕಾಗದದೊಳಗೆ ನೀನೇ ಹೊಲಿದ ಕೆಂಪು ಪಟ್ಟಿ ಇಟ್ಟಿದ್ದೇನೆ. ಹಸಿರು ಬಿಚ್ಚಿ ಅದನ್ನು ಕಟ್ಟಿಕೋ. ಆಸ್ಪತ್ರೆಯಲ್ಲಿ ಯಾರು ಹೆಂಗದೀರಿ ಅಂದರೂ ಬಾಯಿ ಬಿಡಬೇಡ. ಕೈ ತೋರಿಸು.