ಅಂಚಿನಲ್ಲಿ ಬರೆದದ್ದು

ಮಾರ್ಚ್ 3, ಸೋಮವಾರ

ಇವತ್ತು ಅರವತ್ತೆರಡು ಫಾರ್ಮು. ಕೈ ಈಗ ತಾನಾಗಿಯೇ ಓಡುತ್ತದೆ. ವಯಸ್ಸು, ಎಷ್ಟನೇ ವಾರ, ಬಿ.ಪಿ., ಹಿಂದಿನ ಹೆರಿಗೆ... ಟ್ಯಾಬ್, ಟ್ಯಾಬ್, ಎಂಟರ್. ಹೆಸರಿಲ್ಲ. ಹೆಸರು, ವಿಳಾಸ, ಫೋನ್ ಇರುವ ಮೊದಲ ಹಾಳೆಯನ್ನು ಆಫೀಸಿನ ಹಿರಿಯ ನರ್ಸ್, ನಮ್ಮ ಸಿಸ್ಟರ್, ಸ್ಕೇಲ್ ಒತ್ತಿಟ್ಟು ಹರಿಯುತ್ತಾರೆ. ಪರ್ ಅಂತ ಸದ್ದು. ಅಲ್ಲಿಗೆ ಒಬ್ಬ ಬಸುರಿ ಸಂಖ್ಯೆಯಾದಳು ಅಂತ ಅರ್ಥ. ಉಳಿದ ಎರಡು ಹಾಳೆ ನನ್ನ ಮೇಜಿಗೆ. ಹೆಸರಿನ ಹಾಳೆ ಕಬ್ಬಿಣದ ಪೆಟ್ಟಿಗೆಗೆ, ಅಲ್ಲಿಂದ ಕಿಟಕಿ ಪಕ್ಕದ ಟೈಪಿಸ್ಟ್‌ಗೆ. ಅವಳ ಫೈಲ್ ನಾನು ನೋಡುವಂತಿಲ್ಲ, ನನ್ನದು ಅವಳು ನೋಡುವಂತಿಲ್ಲ. ಟೀ ಮಾತ್ರ ಒಟ್ಟಿಗೆ ಕುಡಿಯಬಹುದು.

ಒಂಬತ್ತು ಕೇಂದ್ರಗಳಿಂದ ಕಾಗದ ಬರುತ್ತದೆ. ಹೆಂಗಸರು ಬರುವುದಿಲ್ಲ. ಗರ್ಭಿಣಿಯರ ಆರೋಗ್ಯ ಯೋಜನೆಯಲ್ಲಿ ಕೆಲಸ, ಒಬ್ಬ ಗರ್ಭಿಣಿಯನ್ನೂ ಕಂಡಿಲ್ಲ. ನಾಲ್ಕು ಜನರೆದುರು ಬಾಯಿ ಒಣಗುವ ನನಗೆ ಇದೇ ಸರಿ.

ಆದರೆ ಅಂಚು! ಮೂರನೇ ಹಾಳೆಯ ಕೊನೆಯ ಪ್ರಶ್ನೆ: "ಸಲಹೆಯ ಮೆಸೇಜ್ ಕಳಿಸಬಹುದೇ? ಹೌದು / ಇಲ್ಲ." ಎಲ್ಲರೂ ಹೌದಿಗೆ ಟಿಕ್ ಹಾಕುತ್ತಾರೆ. ಹಾಕಿ ಸುಮ್ಮನಿರುವುದಿಲ್ಲ, ಪಕ್ಕದ ಖಾಲಿ ಜಾಗದಲ್ಲಿ ಬರೆಯುತ್ತಾರೆ.

"ಕಳಿಸಿ. ಆದರೆ ಹೊಟ್ಟೆ ಗಿಟ್ಟೆ ಅಂತ ಬರೀಬೇಡಿ, ಫೋನು ದೊಡ್ಡ ಮಗನ ಕೈಲಿರುತ್ತೆ." — 288.

"ಸಲಹೆ ಸಾಕು. ನಮ್ಮತ್ತೆ ಫ್ರೀಯಾಗಿ ಕೊಡ್ತಿದ್ದಾರೆ." — 301.

ಕಂಪ್ಯೂಟರಿನಲ್ಲಿ ಇದಕ್ಕೆ ಜಾಗವೇ ಇಲ್ಲ. ಮೊದಲ ವಾರವೇ ಪಾಸ್‌ವರ್ಡ್ ಸಾರ್‌ಗೆ ಕೇಳಿದ್ದೆ. (ಕಂಪ್ಯೂಟರ್ ನೋಡಿಕೊಳ್ಳುವವರು. ಪಾಸ್‌ವರ್ಡ್ ಬರೆದಿಡಬೇಡಿ ಅಂತ ಎಲ್ಲರಿಗೂ ಬೈಯುತ್ತಾರೆ, ಅವರದ್ದು ಕೀಬೋರ್ಡಿನ ಕೆಳಗೆ ಅಂಟಿಸಿದೆ.) "ಅಂಚಿಗೆಲ್ಲ ಕಾಲಂ ಮಾಡೋಕಾಗುತ್ತಾ? ಟಿಕ್ ನೋಡಿ, ಮುಂದೆ ಹೋಗಿ," ಅಂದರು.

ಮುಂದೆ ಹೋದೆ. ಆದರೆ ಬಿಡಲು ಮನಸ್ಸು ಬರಲಿಲ್ಲ. ಈ ಡೈರಿಯ ಹಿಂಬದಿ ಪುಟಗಳಲ್ಲಿ ಬರೆದುಕೊಳ್ಳುತ್ತಿದ್ದೇನೆ, ಸಂಖ್ಯೆ ಸಮೇತ.

ಮಾರ್ಚ್ 4

ಅಮ್ಮ ತರಕಾರಿಯವನ ಹತ್ತಿರ ಹೇಳುತ್ತಿದ್ದಳು: "ಆಫೀಸಿನಲ್ಲಿ ಏನೇ ಕೆಲಸ ಅಂದ್ರೆ ಟೈಪಿಂಗ್ ಅಂತಾಳೆ. ಎಂ.ಎ. ಮಾಡಿದವಳಪ್ಪ! ಏನು ಟೈಪಿಂಗ್ ಅಂದ್ರೆ ಕಾಗದ ಅಂತಾಳೆ. ಇವಳ ಬಾಯಿಂದ ಮಾತು ತೆಗೆಯೋದಕ್ಕಿಂತ ಬಾವಿ ತೋಡಬಹುದು."

ಹೇಳುವಂತಿಲ್ಲ ಅಂತ ಸೇರಿದ ದಿನವೇ ಸಹಿ ಹಾಕಿಸಿಕೊಂಡಿದ್ದಾರೆ. ಇಲ್ಲಿ ಓದಿದ್ದು ಇಲ್ಲೇ. ಪರಿಚಯದವರ ಫಾರ್ಮು ಅಂತ ಗೊತ್ತಾದರೆ ಕೈ ತೆಗೆದು ಸಿಸ್ಟರ್‌ಗೆ ಸಂಖ್ಯೆ ಮಾತ್ರ ಹೇಳಬೇಕು. ಯಾರು, ಏನಾಗಬೇಕು, ಏನೂ ಹೇಳಬಾರದು.

ನಮ್ಮ ಮನೆಯಲ್ಲಿ ಇಂಥ ನಿಯಮ ಬದುಕುವುದಿಲ್ಲ. ಯಾರೂ ಬಾಗಿಲು ತಟ್ಟುವುದಿಲ್ಲ. ಅಮ್ಮ ಸೀದಾ ಬಂದು ನಾನು ಬರೆಯುವುದರ ಮೇಲೇ ಒಗೆದ ಬಟ್ಟೆ ಇಟ್ಟು ಹೋಗುತ್ತಾಳೆ. ತಟ್ಟುವವರು ಅತ್ತಿಗೆ ಒಬ್ಬರೇ. ಎರಡು ಸಲ, ಮೆಲ್ಲಗೆ.

ಮಾರ್ಚ್ 7, ಶುಕ್ರವಾರ

417.

ಅಕ್ಷರ ಚಿಕ್ಕದು, ನೆಟ್ಟಗೆ, ಗೆರೆ ಇಲ್ಲದ ಕಡೆಯೂ ಸಾಲು ಡೊಂಕಾಗಿಲ್ಲ. ಹನ್ನೊಂದನೇ ವಾರ. ಹಿಂದಿನ ಗರ್ಭ: ಎರಡು. ಮಕ್ಕಳು: ಇಲ್ಲ. ಹೌದಿಗೆ ಟಿಕ್. ಪಕ್ಕದಲ್ಲಿ—

"ನನ್ನ ನಂಬರಿಗೆ ಮಾತ್ರ. ಸದಾ ಮನೆಯಲ್ಲಿರುವವರ ನಂಬರೂ ಬೇಕೆಂದು ಕೇಳಿದ್ದಕ್ಕೆ ಎರಡನೆಯದು ಕೊಟ್ಟಿದ್ದೇನೆ, ತುರ್ತಿಗೆ. ಅವರಿಗೆ ನಾನೇ ಹೇಳಬೇಕು. ಹೋದ ಸಲ ಎಲ್ಲರಿಗೂ ಗೊತ್ತಿತ್ತು. ಸಮಾಧಾನ ಹೇಳಲು ಬಂದವರಿಗೆಲ್ಲ ನಾನೇ ಟೀ ಮಾಡಿದೆ."

ಮೂರು ಸಲ ಓದಿದೆ. ಕೊನೆಯ ವಾಕ್ಯ... ಅಳು ಇಲ್ಲ, ದೂರು ಇಲ್ಲ. ಬರೀ ಟೀ. ಐದು ವರ್ಷ ಸಾಹಿತ್ಯ ಓದಿದ ನನಗೆ ಇಂಥ ಒಂದು ಸಾಲು ಬರೆಯಲು ಬಂದಿಲ್ಲ.

"ಏನಮ್ಮಾ ಸಾಹಿತ್ಯ, ಟೈಪ್ ಮಾಡ್ತಿದ್ದೀಯೋ ಪರೀಕ್ಷೆಗೆ ಓದ್ತಿದ್ದೀಯೋ?" ಸಿಸ್ಟರ್. ಅರ್ಜಿಯಲ್ಲಿ ನನ್ನ ಡಿಗ್ರಿ ನೋಡಿದಾಗಿನಿಂದ ಅವರಿಗೆ ನಾನು ಸಾಹಿತ್ಯ.

ಯಾರಿರಬಹುದು 417? ಟೀಚರ್? ಬಸ್ಸಿನಲ್ಲಿ ಇಬ್ಬರು ಮೂವರ ಮುಖ ನೋಡಿದೆ. ಚಿಕ್ಕ ಅಕ್ಷರದವರ ಮುಖ ಹೇಗಿರುತ್ತದೆ?

ಮಾರ್ಚ್ 13, ಗುರುವಾರ



ಕಿಟಕಿ ಪಕ್ಕದ ಟೈಪಿಸ್ಟ್‌ಗೆ ಜ್ವರ, ರಜೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಮೆಸೇಜ್ ಹೋಗಬೇಕು, ಅವಳ ಫೋನ್ ಪಟ್ಟಿ ಸರಿ ಮಾಡಿಕೊಡಿ ಅಂದರು ಪಾಸ್‌ವರ್ಡ್ ಸಾರ್. ಅದನ್ನು ನಾನು ನೋಡಬಹುದಾ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಕುತೂಹಲ... ಸುಳ್ಳು ಯಾಕೆ.

ಪಟ್ಟಿಯಲ್ಲಿ ಹೆಸರಿಲ್ಲ. ಸಂಖ್ಯೆ, ಒಂದನೇ ಫೋನ್, ಎರಡನೇ ಫೋನ್. 417ರ ಎದುರು ಎರಡನೆಯದನ್ನು ಓದುವ ಮೊದಲೇ ಬೆರಳಿಗೆ ಗೊತ್ತಾಯಿತು. ಸ್ಕೂಲ್ ಡೈರಿಯಲ್ಲಿ, ಹಾಸ್ಟೆಲ್ ಫಾರ್ಮಿನಲ್ಲಿ, ಎಲ್ಲಿ ಬೇಕಾದರೂ ಕಣ್ಣು ಮುಚ್ಚಿ ಬರೆಯುವ ನಂಬರು.

ಅಮ್ಮನದು.

ಮೊದಲನೆಯದು ಅತ್ತಿಗೆಯದು.

ಅವರ ಅಕ್ಷರವನ್ನು ನಾನು ನೋಡಿಯೇ ಇರಲಿಲ್ಲ. ನಾಲ್ಕು ವರ್ಷ ಒಂದೇ ಮನೆಯಲ್ಲಿ! ಸಾಮಾನಿನ ಪಟ್ಟಿಯೂ ಫೋನಿನಲ್ಲೇ. ಅವರ ಆಫೀಸಿನ ಹತ್ತಿರವೂ ನಮ್ಮ ಕೇಂದ್ರ ಇದೆ, ಹೊಳೆಯಬೇಕಿತ್ತು. ಅಣ್ಣ ಹತ್ತು ದಿನದಿಂದ ನೀರಿನ ಕ್ಯಾನ್ ತಾನೇ ಎತ್ತುತ್ತಾನೆ, ಶಿಳ್ಳೆ ಬೇರೆ. ಅವನಿಗೆ ಗೊತ್ತಿದೆ. ಅದೂ ಈಗ ಹೊಳೆಯುತ್ತಿದೆ.

ಹಿಂದಿನ ಗರ್ಭ: ಎರಡು. ನಮಗೆಲ್ಲ ಗೊತ್ತಿದ್ದದ್ದು ಒಂದು.

ಆ ಟೀ ಕುಡಿದವರಲ್ಲಿ ನಾನೂ ಇದ್ದೆ. ಸಕ್ಕರೆ ಕಮ್ಮಿ ಅಂದಿದ್ದೆ.

ಪಟ್ಟಿಯ ಕೊನೆಯ ಕಾಲಂ: ಮೆಸೇಜ್—ಹೌದು, ಹೌದು, ಹೌದು. ನನ್ನ ಫೈಲಿನಿಂದ ಬಂದವು, ನಾನೇ ಟೈಪ್ ಮಾಡಿದ ಹೌದುಗಳು. ಎರಡೂ ನಂಬರಿಗೆ ಹೋಗುತ್ತದೆ: "ಶುಭಾಶಯಗಳು! ನಿಮ್ಮ ಗರ್ಭಾವಸ್ಥೆಯ ಹನ್ನೆರಡನೇ ವಾರ..." ಅಮ್ಮ ಮೆಸೇಜನ್ನು ತಾನೇ ಓದುವುದಿಲ್ಲ. ಕನ್ನಡಕ ಹುಡುಕುವ ಬದಲು ಎದುರು ಸಿಕ್ಕವರ ಕೈಗೆ ಫೋನು ಕೊಟ್ಟು "ಏನು ಬಂತು ನೋಡೇ, ಜೋರಾಗಿ ಓದು" ಅನ್ನುತ್ತಾಳೆ. ಹತ್ತು ಗಂಟೆಗೆ ಎದುರು ಸಿಗುವವಳು ಪಕ್ಕದ ಮನೆಯಾಕೆ. ಮಧ್ಯಾಹ್ನದೊಳಗೆ ಬೀದಿಗೇ ಗೊತ್ತು.

ಮಾರ್ಚ್ 14, ಶುಕ್ರವಾರ

ಬರೆದು ಮುಗಿಸಿಬಿಡುತ್ತೇನೆ.

ಸಿಸ್ಟರ್ ಮೇಜಿನ ಹತ್ತಿರ ನಿಂತೆ. "417 ನನಗೆ ಪರಿಚಯ" ಅಂದೆ. ಅವರು ತಲೆ ಎತ್ತದೆ, "ಯಾರು ಅನ್ನಬೇಡ. ಫೈಲ್ ನನಗೆ ಬಂತು. ಹೋಗು" ಅಂದರು. ಹೋಗಲಿಲ್ಲ. ಅಂಚುಗಳ ವಿಷಯ ಹೇಳಿದೆ. ಟಿಕ್ ಹೌದು ಅನ್ನುತ್ತೆ, ಪಕ್ಕದಲ್ಲಿ ಬೇಡ ಅಂತ ಬರೆದಿದ್ದಾರೆ, ನಾನು ಟಿಕ್ ಮಾತ್ರ ಹಾಕಿದೆ.

ಪಾಸ್‌ವರ್ಡ್ ಸಾರ್‌ಗೆ ಕರೆ ಹೋಯಿತು. ನಕ್ಕರು. "ಯಾರೋ ಒಬ್ಬಿಬ್ಬರು ಬರೆದಿರ್ತಾರೆ. ಫಾರ್ಮ್ ತೋರಿಸಿ, ತೆಗೆದುಹಾಕೋಣ."

ಫಾರ್ಮು ಇಲ್ಲ. ಪೆಟ್ಟಿಗೆಗಳೆಲ್ಲ ಬುಧವಾರವೇ ಮೊಹರಾಗಿ ಊರಾಚೆಯ ಗೋದಾಮಿಗೆ ಹೋಗಿವೆ. ವಾಪಸು ಬರಲು ವಾರ.

"ಹಾಗಾದ್ರೆ ಪುರಾವೆ ಏನಿದೆ?"

ಬ್ಯಾಗಿನಲ್ಲಿ ಈ ಡೈರಿ ಇತ್ತು. ತೆಗೆದರೆ ಕೆಲಸ ಹೋಗಬಹುದು. ಯಾವ ಕಾಗದಕ್ಕೆ ಸಹಿ ಹಾಕಿದ್ದೆನೋ ಅದನ್ನೇ ಮುರಿದಿದ್ದೇನೆ, ಅದೂ ಇಪ್ಪತ್ತಮೂರು ಸಲ, ಸಂಖ್ಯೆ ಸಮೇತ. ಚೆಂದ ಇತ್ತು ಅನ್ನುವುದೊಂದೇ ಕಾರಣ.

ತೆಗೆದು ಮೇಜಿನ ಮೇಲಿಟ್ಟೆ. "ಹಿಂದಿನ ಪುಟಗಳು" ಅಂದೆ.

ಸಿಸ್ಟರ್ ಹಿಂದಿನಿಂದಲೇ ತೆರೆದರು. ಓದಿದರು. ಒಂದು ಕಡೆ ನಗು ಬಂತು, 301 ಇರಬೇಕು. ಇನ್ನೊಂದು ಕಡೆ ಕನ್ನಡಕ ತೆಗೆದು ಸೀರೆಯಲ್ಲಿ ಒರೆಸಿದರು. ಬರವಣಿಗೆ ಮುಗಿದು ಖಾಲಿ ಪುಟ ಬಂದ ಕಡೆ ಬೆರಳಿಟ್ಟು, "ಇಲ್ಲಿಂದಾಚೆಗೆ ನಿನ್ನದಾ?"

"ಹೂಂ."

"ಅದು ನನಗೆ ಬೇಡ."

"ಸರಿ ಬಿಡಿ," ಅಂದರು ಪಾಸ್‌ವರ್ಡ್ ಸಾರ್, "ಈ ಇಪ್ಪತ್ತಮೂರು ತೆಗೆದ್ರಾಯ್ತು. ಎರಡು ನಿಮಿಷದ ಕೆಲಸ."

417 ಆ ಇಪ್ಪತ್ತಮೂರರಲ್ಲಿದೆ. ಸುಮ್ಮನಿದ್ದಿದ್ದರೆ ಅತ್ತಿಗೆ ಪಾರು, ನಾನೂ ಪಾರು. ಆಗಲೇ ತಲೆಗೆ ಹೊಡೆದಂತಾಯಿತು. ನಾನು ಬರೆದುಕೊಂಡದ್ದು ನನಗೆ ಇಷ್ಟವಾದದ್ದನ್ನು. ಬರೀ "ಬೇಡ" ಅಂತ ಬರೆದವರು? "ಗಂಡನ ಫೋನು, ಬೇಡ." ಅಂಥವು ಬೇಕಾದಷ್ಟಿದ್ದವು. ಅವುಗಳಲ್ಲಿ ಏನೂ ಚೆಂದ ಕಾಣದೆ ಟ್ಯಾಬ್ ಒತ್ತಿದ್ದೆ. ಒಂದು ಸಂಖ್ಯೆಯೂ ನೆನಪಿಲ್ಲ.

"ಇಪ್ಪತ್ತಮೂರಲ್ಲ ಸಾರ್," ಅಂದೆ. ದನಿ ನನ್ನದೇ ಅಂತ ಅನ್ನಿಸಲಿಲ್ಲ. "ನಾನು... ಆರಿಸಿ ಬರೆದದ್ದು. ಬರೆಯದೆ ಬಿಟ್ಟದ್ದೇ ಜಾಸ್ತಿ. ಎಲ್ಲಾ ನಿಲ್ಲಿಸಬೇಕು."

"ಎಲ್ಲಾನಾ? ಆರುನೂರು ಜನಕ್ಕೆ? ಮೇಲಿನವರಿಗೆ ಏನು ಹೇಳೋದು, ನಮ್ಮ ಹುಡುಗಿ ಕವಿ ಅಂತಾನಾ?"

ಸಿಸ್ಟರ್: "ನನ್ನ ಹೆಸರು ಹೇಳಿ. ನಿಲ್ಲಿಸಿ ಮೊದಲು."

"ನೀವು ಹೇಳಿದ್ರೆ ನಿಂತುಬಿಡುತ್ತಾ ಸಿಸ್ಟರ್? ಮೇಲಿನವರಿಂದ ಇ-ಮೇಲ್ ಬರಬೇಕು."

"ತರಿಸ್ತೀನಿ."

ಐದೂವರೆಯಾದರೂ ಮೇಲ್ ಬಂದಿರಲಿಲ್ಲ. ನನ್ನನ್ನು ಮನೆಗೆ ಕಳಿಸಿದರು.

ಮಾರ್ಚ್ 16, ಭಾನುವಾರ

ಅಮ್ಮನ ಫೋನು ಟಿ.ವಿ. ಮೇಲೆ. ನಾಳೆ ಆಫೀಸಿಗೆ ಹೋಗುವಾಗ ಅದನ್ನು ಬ್ಯಾಗಿಗೆ ಹಾಕಿಕೊಂಡರೆ? ಸೈಲೆಂಟ್ ಮಾಡಿದರೆ? ಇಡೀ ದಿನ ಅದರ ಸುತ್ತಲೇ ಸುತ್ತಿದೆ. ಅಮ್ಮ: "ಏನೇ, ಬೆಕ್ಕು ಹಾಲಿನ ಪಾತ್ರೆ ಸುತ್ತಿದ ಹಾಗೆ?"

ಮುಟ್ಟಲಿಲ್ಲ. ಅವಳ ಫೋನು ಅವಳದು. ಇನ್ನೊಬ್ಬರದ್ದಕ್ಕೆ ಕೈ ಹಾಕಿದ್ದು ಸಾಕು.

ಮಾರ್ಚ್ 17, ಸೋಮವಾರ

ಹತ್ತಕ್ಕೆ ಐದು ನಿಮಿಷ. ಸಿಸ್ಟರ್ ಇನ್ನೂ ಬಂದಿಲ್ಲ. ಗಡಿಯಾರ ನೋಡಬಾರದೆಂದು ಕೀಬೋರ್ಡ್ ಒರೆಸುತ್ತಿದ್ದೆ. ಹತ್ತಾಯಿತು. ಪಾಸ್‌ವರ್ಡ್ ಸಾರ್ ಸ್ಕ್ರೀನ್ ನೋಡುತ್ತಲೇ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕೈ ಎತ್ತಿ ಅಲ್ಲಾಡಿಸಿದರು. ಮೆಸೇಜ್ ಹೋಗಿಲ್ಲ. ಶನಿವಾರ ಸಿಸ್ಟರ್ ಮೇಲಿನವರ ಮನೆ ಬಾಗಿಲಿಗೇ ಹೋಗಿ ಕೂತಿದ್ದರಂತೆ.

ಸಂಜೆ ಅಮ್ಮನ ಫೋನು ಸದ್ದು ಮಾಡಿತು. "ಏನು ಬಂತು ನೋಡೇ, ಜೋರಾಗಿ ಓದು." ಚಪ್ಪಲಿ ಅಂಗಡಿಯದು, ಎರಡು ಜೊತೆ ತಗೊಂಡರೆ ಒಂದು ಉಚಿತ. ಓದಿದೆ. ಒಲೆಯ ಹತ್ತಿರವಿದ್ದ ಅತ್ತಿಗೆಯ ಕೈಯಲ್ಲಿದ್ದ ಸೌಟು ಒಂದು ಕ್ಷಣ ನಿಂತು, ಮತ್ತೆ ತಿರುಗಿತು.

ಮಾರ್ಚ್ 26

ಪೆಟ್ಟಿಗೆ ಬಂತು. ನಾಲ್ಕು ಜನ ಎರಡು ದಿನ ಅಂಚುಗಳನ್ನೇ ಓದಿದೆವು. ಎರಡನೇ ನಂಬರಿಗೆ ಬೇಡ ಅಂದವರು ನೂರ ಹದಿನಾಲ್ಕು. ಅದರಲ್ಲಿ ತೊಂಬತ್ತಕ್ಕೂ ಹೆಚ್ಚು ಬರೀ "ಬೇಡ." ಈಗ ಎರಡು ಫೋನಿಗೆ ಎರಡು ಟಿಕ್, ಅಂಚಿಗೊಂದು ಕಾಲಂ. ಪಾಸ್‌ವರ್ಡ್ ಸಾರ್ ತಾವೇ ಮಾಡಿದರು, ಅದಕ್ಕೆ 'ಸಾಹಿತ್ಯ' ಅಂತ ಹೆಸರಿಟ್ಟು ನನ್ನನ್ನು ಕರೆದು ತೋರಿಸಿದರು.

ನನಗೆ ಎಚ್ಚರಿಕೆ ಪತ್ರ. ಸಹಿ ಹಾಕಿದೆ. ಹಿಂಬದಿಯ ಪುಟಗಳನ್ನು ಸಿಸ್ಟರ್ ಸ್ಕೇಲ್ ಒತ್ತಿಟ್ಟು ಹರಿದರು. ಅದೇ ಪರ್. ಚೂರು ಮಾಡುವ ಯಂತ್ರಕ್ಕೆ ನಾನೇ ಹಾಕಬೇಕು ಅಂದರು, ಹಾಕಿದೆ. 417ರ ಟೀ ಕೂಡ ಹೋಯಿತು.

"ನೋವಾಯ್ತಾ?"

"ಚೆನ್ನಾಗಿ ಬರೆದಿದ್ರು ಸಿಸ್ಟರ್."

"ನಿನಗೆ ಬರೆದದ್ದಲ್ಲ, ಮರಿ."

ಮಾರ್ಚ್ 30, ಭಾನುವಾರ, ಮಧ್ಯಾಹ್ನ

ಅಮ್ಮ ಪಕ್ಕದ ಮನೆಯಲ್ಲಿ. ಅಣ್ಣ ನಿದ್ದೆ.

ಮೊದಲಿಂದ ತಿರುವಿ ನೋಡಿದೆ. ಹಿಂಬದಿ ಹೋಯಿತು, ಮುಂಬದಿಯಲ್ಲಿ ಎಲ್ಲಾ ಇದೆ! ಏಳನೇ ತಾರೀಖಿನಲ್ಲಿ ಅವರ ಸಾಲು, ಪದಕ್ಕೆ ಪದ. ಹದಿಮೂರರಲ್ಲಿ ಸಂಖ್ಯೆಯ ಪಕ್ಕದಲ್ಲೇ "ಅತ್ತಿಗೆ." ಎಷ್ಟು ಗರ್ಭ ಅಂತ ಕೂಡ. ಅಮ್ಮ ಬಟ್ಟೆ ಇಡಲು ಬಂದು ಒಂದು ಪುಟ ಮಗುಚಿದರೆ ಸಾಕು. ಸಿಸ್ಟರ್ ಓದದೆ ಬಿಟ್ಟದ್ದೇ ಹೆಚ್ಚು ಅಪಾಯದ್ದು. ನನ್ನದು ಅಂದೆನಲ್ಲ, ನನ್ನದೇನಿದೆ ಇದರಲ್ಲಿ?

ಸ್ಕೇಲ್ ಹುಡುಕಿ ತಂದಿದ್ದೇನೆ. ಮೇಜಿನ ಮೇಲಿದೆ.

ಮೆಟ್ಟಿಲಲ್ಲಿ ಹೆಜ್ಜೆ. ನಿಂತಿತು.

ಎರಡು ಸಲ, ಮೆಲ್ಲಗೆ.

"ಬರೀತಿದ್ದೀಯೇನೇ? ಒಳಗೆ ಬರ್ಲಾ? ಒಂದು ವಿಷಯ ಹೇಳೋದಿತ್ತು... ಅತ್ತೆಗೂ ಇನ್ನೂ ಹೇಳಿಲ್ಲ, ಮೊದಲು ನಿನಗೆ."

ಮೊದಲು ನನಗೆ. ಮುಖ ಹೇಗಿಟ್ಟುಕೊಳ್ಳಲಿ? ಅವರು ಹಿಂದಿನ ಗರ್ಭ ಒಂದು ಅಂದರೆ ನನಗೆ ಗೊತ್ತಿರುವುದು ಒಂದೇ. ಎರಡು ಅಂದರೆ ಆಗ ಎರಡು. ಏನೂ ಹೇಳದಿದ್ದರೆ ಏನೂ ಇಲ್ಲ. ಟೀ ನಾನು ಮಾಡುತ್ತೇನೆ, ಸಕ್ಕರೆ ಅವರೇ ಹೇಳಲಿ.

"ಬನ್ನಿ ಅತ್ತಿಗೆ, ಒಂದೇ ನಿಮಿಷ" ಅಂದೆ. ಸ್ಕೇಲ್ ಮೂರನೇ ತಾರೀಖಿನ ಮೇಲಿಟ್ಟು