ಪ್ರಾರ್ಥನೆಯ ಉಳಿದರ್ಧ

ಕಾರವಾರ
17 ಅಕ್ಟೋಬರ್ 2024, ಗುರುವಾರ

ಅವರ್ಸಾದಲ್ಲಿ ಅಜ್ಞಾತವಾಸದಲ್ಲಿರುವ, ಟ್ರಾಲರ್ ಇಂಜಿನ್‌ಗಳ ವೈದ್ಯರೂ ನನ್ನ ಅಕ್ಕ ನೀತಾಳ ಪತಿಯೂ ಆದ ಶ್ರೀಮಾನ್ ಇನಾಸ್ ಭಾವನವರ ಸನ್ನಿಧಾನಕ್ಕೆ ಬಾಮೈದ ರೋಷನನ ಸಾಷ್ಟಾಂಗ ವಂದನೆಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ಪದ್ಧತಿ. ಇಲ್ಲಿ ಎಲ್ಲರೂ ಕ್ಷೇಮವಿದ್ದರೆ ತಾವು ತಮ್ಮ ಅಕ್ಕನ ಮನೆಯ ಜಗುಲಿಯಲ್ಲಿ ಯಾಕೆ ಮಲಗುತ್ತಿದ್ದಿರಿ? ಆದ್ದರಿಂದ ಆ ಸಾಲು ಬಿಟ್ಟಿದ್ದೇನೆ.

ಈ ಕಾಲದಲ್ಲಿ ಪತ್ರವೇ ಎಂದು ಹುಬ್ಬೇರಿಸಬೇಡಿ. ತಮ್ಮ ಪ್ರತಾಪ ಬಯಲಾದಂದಿನಿಂದ ನಮ್ಮ ಮನೆಯಲ್ಲಿ ಎಲ್ಲರ ಮೊಬೈಲೂ ಊರ ಬಾವಿ. ಅಕ್ಕ ಯಾವಾಗ ಬೇಕಾದರೂ ಬಗ್ಗಿ ನೋಡುತ್ತಾಳೆ. ಕಾಗದವೇ ಸುರಕ್ಷಿತ. ಬೈತಖೋಲದಿಂದ ಅಂಕೋಲೆಗೆ ಮೀನು ಒಯ್ಯುವ ಮಂಗೇಶನ ಟೆಂಪೋದಲ್ಲಿ, ಬಂಗಡೆಯ ಪೆಟ್ಟಿಗೆಗಳ ನಡುವೆ, ಇದು ತಮ್ಮ ಸನ್ನಿಧಿಗೆ ಬರುತ್ತದೆ. ವಾಸನೆ ಬಂದರೆ ಕ್ಷಮಿಸಿ. ಕ್ಷಮೆಯ ಮಾತು ಹೇಗೂ ಬಂತಲ್ಲ, ನೇರ ಅದಕ್ಕೇ ಬರುತ್ತೇನೆ.

ತಾವು ಅದೇ ಮಂಗೇಶನ ಮೂಲಕ ಹೇಳಿ ಕಳಿಸಿದ್ದಿರಿ: ಪಾದ್ರಿಯವರ ಬಳಿ ಪಾಪನಿವೇದನೆ ಮಾಡಿಯಾಯಿತು, ದೇವರು ಕ್ಷಮಿಸಿಯಾಯಿತು, ಇನ್ನು ನೀತಾ ಕ್ಷಮಿಸುವುದು ಯಾವಾಗ ಎಂದು. ಈ ಪ್ರಶ್ನೆಯನ್ನು ನಾನು ರಾಯಭಾರಿಯ ಗತ್ತಿನಲ್ಲಿ, ಕೈಕಟ್ಟಿ ನಿಂತು, ಬಟ್ಟೆ ಒಗೆಯುವ ಕಲ್ಲಿನ ಮುಂದೆ ಮಂಡಿಸಿದೆ. ಅಕ್ಕ ತಲೆ ಎತ್ತಲಿಲ್ಲ.

"ದೇವ್ರಿಗೆ ಎಂತ ಮಾರಾಯಾ, ಸುಲಭ. ಅವ್ನ ಅಂಗಿ ತೊಳ್ದದ್ದು ದೇವ್ರಲ್ಲ, ನಾನು," ಎಂದಳು.

ತಮಗೆ ಅರ್ಥವಾಗಿರಬೇಕು. ಶನಿವಾರ ಬಂತೆಂದರೆ ಬೇಲೆಕೇರಿಯಲ್ಲಿ ಬೋಟಿನ ಇಂಜಿನ್ ಬಿಚ್ಚಲಿದೆ ಎಂದು ಹೋಗುವವರ ಅಂಗಿಗೆ ಒಂದು ಚುಕ್ಕೆ ಗ್ರೀಸ್ ಇಲ್ಲ, ಡೀಸೆಲಿನ ವಾಸನೆ ಇಲ್ಲ, ಇಸ್ತ್ರಿಯೂ ಮುರಿದಿಲ್ಲ. ತಾವು ಹೋಗುತ್ತಿದ್ದ ಬೊಬ್ರುವಾಡದ ಆ ಹೆಂಗಸಿನ ಮನೆಯಲ್ಲಿ ಇಂಜಿನ್ ಇರಲಿಲ್ಲವಲ್ಲ. ಬಸ್ ಇಳಿದ ಮೇಲೆ ಕಾಲರಿಗೆ ಸ್ವಲ್ಪ ಗ್ರೀಸ್ ಸವರಿಕೊಳ್ಳಬೇಕೆಂಬ ಬುದ್ಧಿಯೂ ತಮಗೆ ಬರಲಿಲ್ಲ. ಊರಿಗೆಲ್ಲ ಕುಚೇಷ್ಟೆ ಮಾಡಿ ಹೆಸರು ತೆಗೆದ ನನಗೆ ಇಂಥವರು ಭಾವ ಎಂದು ಹೇಳಿಕೊಳ್ಳಲು ನಾಚಿಕೆ.

ತಾವು ತಾವು ಎಂದು ಬರೆದು ಕೈ ನೋಯುತ್ತಿದೆ. ಇನ್ನು ಮೇಲೆ ನೀನು.

ಭಾವ, ಒಂದು ಸಂಶೋಧನೆ ಮಾಡಿದ್ದೇನೆ. ಸಂಜೆ ನಮ್ಮಲ್ಲಿ ತೇರ್ಸ ಹೇಳುವುದು ನಿನಗೆ ಗೊತ್ತು. ಜಪಮಣಿಯ ಐದು ಭಾಗಗಳನ್ನು ಮನೆಯವರು ಹಂಚಿಕೊಂಡು ಹೇಳಿಸುತ್ತಿದ್ದೆವು. ಎರಡನೆಯದು ನಿನ್ನದಾಗಿತ್ತು, ಅರ್ಧ ನಿದ್ದೆಯಲ್ಲಿ. ನೀನು ಹೋದ ಮೇಲೆ ಅಕ್ಕ ಐದನ್ನೂ ತಾನೇ ಹೇಳಿಸುತ್ತಾಳೆ. ಅಮ್ಮನಿಗೂ ಸರದಿ ಇಲ್ಲ, ನನಗೂ ಇಲ್ಲ. ಭಕ್ತಿ ಹೆಚ್ಚಾಯಿತೆಂದು ಅಮ್ಮನಿಗೆ ಸಂತೋಷ. ನನಗೆ ಸಂಶಯ.

ಪ್ರತಿ ಭಾಗದ ಮೊದಲಿಗೆ ಬರುವ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯನ್ನು ನೆನಪಿಸಿಕೋ. ಹೇಳಿಸುವವರು ಹೇಳುವುದು ಮೊದಲರ್ಧ ಮಾತ್ರ. 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮ ತಪ್ಪುಗಳನ್ನು ಕ್ಷಮಿಸು' ಎಂಬುದು ಉಳಿದರ್ಧದಲ್ಲಿದೆ. ಅದನ್ನು ಹೇಳುವವರು ಕೂತು ಉತ್ತರ ಕೊಡುವವರು. ಐದನ್ನೂ ತಾನೇ ಹೇಳಿಸಿದವಳಿಗೆ ಆ ಸಾಲು ಒಮ್ಮೆಯೂ ಬರುವುದಿಲ್ಲ.

ಸಂಶಯ ಬಂದ ಮೇಲೆ ಪರೀಕ್ಷೆ ಮಾಡದೆ ಇರುವ ಜನ್ಮವೇ ನನ್ನದು? ಒಂದು ಸಂಜೆ ಮೂರನೆಯ ಭಾಗಕ್ಕೆ ಅಕ್ಕ ಉಸಿರು ತೆಗೆದುಕೊಳ್ಳುವುದರೊಳಗೆ ಬಿಷಪ್ಪರ ಧ್ವನಿಯಲ್ಲಿ ನಾನೇ ಶುರು ಮಾಡಿದೆ. ನನ್ನ ಅರ್ಧ ಮುಗಿಯುವಷ್ಟರಲ್ಲಿ ಅಕ್ಕ ಕುಕ್ಕರ್ ಇಳಿಸಲು ಎದ್ದು ಹೋದಳು. ಮರುದಿನ ಮತ್ತೆ ಮಾಡಿದೆ. ಒಣಮೀನಿಗೆ ಬೆಕ್ಕು ಬಂತೆಂದು ಹಿತ್ತಲಿಗೆ ಓಡಿದಳು. ಬೆಕ್ಕು ಇರಲಿಲ್ಲ. ಭಾನುವಾರ ಇಗರ್ಜಿಯಲ್ಲಿ ಎಲ್ಲರೂ ಒಟ್ಟಿಗೇ ಪೂರ್ತಿ ಹೇಳಬೇಕಲ್ಲ, ಅಲ್ಲಿ ಸರಿಯಾಗಿ ಆ ಸಾಲಿಗೆ ಅವಳ ಕರ್ಚೀಫು ಕೆಳಗೆ ಬೀಳುತ್ತದೆ, ಅದನ್ನು ಹುಡುಕಲು ಬೆಂಚಿನ ಕೆಳಗೆ ಬಗ್ಗುತ್ತಾಳೆ, 'ಆಮೆನ್' ಹೊತ್ತಿಗೆ ಮೇಲೆ ಬರುತ್ತಾಳೆ.

ಸೋಮವಾರ ಸಾಯ್ಬಿಣಿ, ಮರಿಯ ಮಾತೆ, ನಮ್ಮ ಮನೆಗೆ ಬಂದಳು. ಈ ತಿಂಗಳು ಮಾತೆಯ ಮೂರ್ತಿ ಮನೆಯಿಂದ ಮನೆಗೆ ಬರುವಾಗ ಹೊಸಿಲಿನಲ್ಲಿ ಎತ್ತಿಕೊಳ್ಳುವುದು ಮನೆಯ ಗಂಡಸು. ಹೋದ ವರ್ಷ ನೀನು. ಈ ಸಲ ನಾನು. ಗಂಭೀರವಾಗಿಯೇ ಎತ್ತಿಕೊಂಡೆ, ನಂಬು. ಮನೆ ತುಂಬ ಜನ. ಅಷ್ಟು ಜನ ಬಂದಾಗ ಒಂದೊಂದು ಭಾಗವನ್ನು ಒಬ್ಬೊಬ್ಬ ಅತಿಥಿಗೆ ಕೊಡುವುದು ಮರ್ಯಾದೆ. ಅಕ್ಕ ಬಿಟ್ಟುಕೊಡದೆ ವಿಧಿಯಿರಲಿಲ್ಲ. ಕುಕ್ಕರಿಗೆ ಏಳುವಂತಿಲ್ಲ, ಎದುರಿಗೆ ಸಾಕ್ಷಾತ್ ಸಾಯ್ಬಿಣಿ.

ನಾನು ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಅವಳನ್ನೇ ನೋಡುತ್ತಿದ್ದೆ. ನಾಲ್ಕು ಜನ ಹೇಳಿಸಿದರು. ನಾಲ್ಕು ಸಲವೂ ಆ ಸಾಲಿಗೆ ಅವಳ ತುಟಿ ಮುಚ್ಚಿತು. ಕೊನೆಯದನ್ನು ಪಕ್ಕದ ಮನೆಯ ಮುದುಕಿ ಹೇಳಿಸಿದಳು, ನಿಧಾನಕ್ಕೆ, ಒಂದೊಂದೇ ಮಾತು. ಆಗ ಅಕ್ಕ 'ನಮಗೆ ತಪ್ಪು ಮಾಡಿದವರನ್ನು' ಅಂದಳು. ಅಲ್ಲಿಗೆ ನಿಂತಳು. ಉಳಿದವರೆಲ್ಲ ಮುಂದೆ ಹೋದರು. ಅವಳು ಅಲ್ಲೇ ಇದ್ದಳು.

ಜನ ಕಡಲೆ ಉಸಳಿ ತಿಂದು ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿದೆ. "ಅಕ್ಕಾ, ಘಟ್ಟದಲ್ಲಿ ಬಸ್ ನಿಂತಾಂಗೆ ಅಲ್ಲೇ ನಿಂತ್ಯಲ್ಲೇ?"

ಹೊಡೆಯುತ್ತಾಳೆಂದು ಎರಡು ಹೆಜ್ಜೆ ಹಿಂದೆಯೇ ಇದ್ದೆ. ಹೊಡೆಯಲಿಲ್ಲ. ಪಾತ್ರೆ ತಿಕ್ಕುತ್ತ ಹೇಳಿದಳು: "ಮುಂದಿನ ಮಾತು ಸುಳ್ಳಾಗ್ತಿತ್ತು ರೋಷ್ಯಾ. ದೇವ್ರ ಎದ್ರಿಗೆ ಸುಳ್ಳು ಹೇಳೂಕೆ ನಾ ಎಂತ ಇನಾಸನಾ?"

ಆಮೇಲೆ, ನಲ್ಲಿ ನಿಲ್ಲಿಸಿ, ಇನ್ನೊಂದು ಮಾತು ಹೇಳಿದಳು. "ಹೇಳ್ದೇ ಇದ್ರೂ ಕಷ್ಟನೇ. ನಾ ಕ್ಷಮಿಸೂದಿಲ್ಲ ಅಂದ್ರೆ ನಂದನ್ನ ಯಾರು ಕ್ಷಮಿಸ್ತ್ರು? ಅವನೇನೋ ಪಾದ್ರಿ ಹತ್ರ ಹೋಗಿ ಹಗುರಾಗಿ ಬಂದ. ಈಗ ಪ್ರಾರ್ಥನೆ ಮಾಡೂಕೆ ಆಗ್ದೇ ಇದ್ದವ್ಳು ನಾನು."

ನಾನು ಬಟ್ಟೆ ತೆಗೆದುಕೊಂಡು ಅವಳು ತೊಳೆದಿಟ್ಟ ಪಾತ್ರೆ ಒರೆಸಿದೆ. ಇದು ನನ್ನ ಜೀವನದಲ್ಲಿ ಅಪರೂಪ.

ನಾನಂತೂ ಆ ಸಾಲನ್ನು ಮೂರು ವರ್ಷದವನಿದ್ದಾಗಿನಿಂದ ಗಂಟಲು ಹರಿಯುವಂತೆ ಹೇಳುತ್ತ ಬಂದವನು. ಅದರಲ್ಲಿ ಅರ್ಥ ಇದೆಯೆಂದು ಸೋಮವಾರ ತಿಳಿಯಿತು. ಅಂದಿನಿಂದ ನನಗೂ ಅಲ್ಲಿ ನಾಲಿಗೆ ತೊಡರುತ್ತದೆ. ಬೈತಖೋಲದ ಬಂಡೆಯ ಮೇಲೆ ನನಗೆ ಗಾಳ ಹಾಕಲು ಕಲಿಸಿದವನು ನೀನು. ಒಂದು ಶನಿವಾರ ಅಕ್ಕನಿಗೆ 'ರೋಷನನ ಜೊತೆ ಗಾಳಕ್ಕೆ ಹೋಗಿದ್ದೆ' ಎಂದು ಹೇಳಿದ್ದೀಯಂತೆ. ಬೊಬ್ರುವಾಡದ ಸಂಗತಿ ನನಗೆ ಸಂಬಂಧಿಸಿದ್ದಲ್ಲ. ಆ ಗಾಳದ ಸಂಗತಿ ಸಂಬಂಧಿಸಿದ್ದು. ಇಷ್ಟು ಬರೆದು ಬಿಡುತ್ತೇನೆ.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ: ಅಕ್ಕ ಹಟ ಹಿಡಿದಿಲ್ಲ. ಆ ಸಾಲನ್ನು ಸುಳ್ಳಾಗದಂತೆ ಹೇಳಲು ದಿನಾ ಸಂಜೆ ಹೆಣಗುತ್ತಿದ್ದಾಳೆ. ಅರ್ಧದವರೆಗೆ ಬಂದಿದ್ದಾಳೆ. ದೇವರು ಕ್ಷಮಿಸಿದ ಎಂದು ಅವಳಿಗೆ ಇನ್ನೊಮ್ಮೆ ಹೇಳಿ ಕಳಿಸಬೇಡ. ನೀನು ಆ ಸಾಲನ್ನು ನಿದ್ದೆಗಣ್ಣಿನಲ್ಲಿ ಹೇಳುತ್ತಿದ್ದ ದಿನಗಳು ನೆನಪಿದ್ದರೆ ಸುಮ್ಮನಿರು.

ಜಗುಲಿಯಲ್ಲಿ ಸೊಳ್ಳೆ ಹೆಚ್ಚಿದ್ದರೆ ಅದನ್ನು ಪ್ರಾಯಶ್ಚಿತ್ತದ ಲೆಕ್ಕಕ್ಕೆ ಹಿಡಿಯತಕ್ಕದ್ದು ಎಂದು ವಿನಂತಿಸುವ,

ತಮ್ಮ ರಾಯಭಾರಿ, ಸಂಶೋಧಕ ಮತ್ತು ಸದ್ಯಕ್ಕೆ ಮನೆಯ ಗಂಡಸು,
ರೋಷನ

ತಾ.ಕ.: ಕಾಗದ ಸುರಕ್ಷಿತ ಎಂದು ಬರೆದವನು ಮೂರ್ಖ. ಇದನ್ನು ಮಡಚುವಾಗ ಅಕ್ಕ ಹಿಂದೆಯೇ ನಿಂತಿದ್ದಳು. ಕಿತ್ತುಕೊಂಡು ಪೂರ್ತಿ ಓದಿದಳು. ಒಂದು ತಿದ್ದುಪಡಿ ಹೇಳಿದ್ದಾಳೆ: ಬೆಕ್ಕು ನಿಜವಾಗಿಯೂ ಬಂದಿತ್ತಂತೆ. ಹರಿದು ಹಾಕುತ್ತಾಳೆಂದು ಕಾದೆ. ವಾಪಸು ಕೊಟ್ಟು, "ಶನಿವಾರ ತೇರ್ಸಕ್ಕೆ ಬರೂಕೆ ಹೇಳು. ಬೇಲೆಕೇರಿ ಕೆಲ್ಸ ಈಗ ಇರೂದಿಲ್ಲಲ್ಲ," ಎಂದಳು. ಎರಡನೆಯ ಭಾಗವನ್ನು ನೀನೇ ಹೇಳಿಸಬೇಕಂತೆ, ಎಚ್ಚರವಿದ್ದು. ತಾನು ಉತ್ತರ ಕೊಡುತ್ತೇನೆಂದು ಮಾತು ಕೊಡಲಿಲ್ಲ. ಆದರೆ ಆ ದಿನ ಕುಕ್ಕರನ್ನು ತೇರ್ಸಕ್ಕೆ ಮೊದಲೇ ಇಳಿಸಿಡುತ್ತಾಳಂತೆ.